ಯಾರೂ ನುಡಿಸದ ಗಾಂಧಾರ

ಕಾರವಾರದ ಕೋಡಿಬಾಗದಲ್ಲಿ ನನ್ನ ಅಕ್ಕನ ಮಗ ಮತ್ತು ಅವನ ಇಬ್ಬರು ಗೆಳೆಯರು ಸೇರಿ ಒಂದು ಹಳೇ ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಉಳಿಯೋದಕ್ಕಲ್ಲ, ಸದ್ದು ಮಾಡೋದಕ್ಕೆ. ಇವನು ಗಿಟಾರು, ಒಬ್ಬ ಬಾಸ್ ಗಿಟಾರು, ಇನ್ನೊಬ್ಬ ಡ್ರಮ್ಸ್. ಮೂವರೂ ಹುಟ್ಟಿದ್ದು 2000ದ ಈಚೆಗೆ. ಅವರಿಗೆ ಬೇಕಾದ ಸದ್ದು ಮಾತ್ರ 1970ರದ್ದು. ಹಾರ್ಡ್ ರಾಕ್, ಹೆವಿ ಮೆಟಲ್ ಅಂತಾರಲ್ಲ, ಅದರ ಮೊದಲ ಬೆಳೆ. ದಪ್ಪ, ನಿಧಾನ, ಸ್ವಲ್ಪ ಕೊಳಕು.

ಹೋದ ಮಳೆಗಾಲದಲ್ಲಿ ಶಿರಸಿಯಿಂದ ಘಟ್ಟ ಇಳಿದು ನೋಡಲು ಹೋಗಿದ್ದೆ. ಮೊದಲು ಕಣ್ಣಿಗೆ ಬಿದ್ದಿದ್ದು ಅವನ ಆ್ಯಂಪ್‌ನ, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಯ ಹಿಂಭಾಗ. ಐದು ಗಾಜಿನ ವಾಲ್ವ್‌ಗಳು, ಒಳಗೆ ಕೆಂಡದ ಬಣ್ಣ. ನಮ್ಮ ಅಜ್ಜನ ಮನೆಯ ರೇಡಿಯೊ ಹಿಂದೆ ಇಣುಕಿದರೆ ಕಾಣುತ್ತಿದ್ದದ್ದೂ ಇದೇ ಬೆಳಕು. ಹತ್ತು ವರ್ಷದವನಿದ್ದಾಗ ಆ ರೇಡಿಯೊದೊಳಗೆ ಸ್ಕ್ರೂಡ್ರೈವರ್ ಹಾಕಿದ್ದೆ. ಪ್ಲಗ್ ಕಿತ್ತಿದ್ದೇನಲ್ಲ, ಏನಾಗುತ್ತೆ ಅನ್ನೋ ಧೈರ್ಯ. ಒಳಗಿನ ಕೆಪಾಸಿಟರ್ ಮಾತ್ರ ಇನ್ನೂ ಚಾರ್ಜ್ ಹಿಡಿದುಕೊಂಡು ಕೂತಿತ್ತು. ನಾನು ಹೋಗಿ ಗೋಡೆಗೆ ಬಡಿದೆ. ವಾಲ್ವ್ ಸೆಟ್ಟುಗಳಲ್ಲಿ 200, 300 ವೋಲ್ಟ್ ಸಾಮಾನ್ಯ. ಹುಡುಗನಿಗೆ ಅವತ್ತು ಮೊದಲು ಹೇಳಿದ್ದೂ ಇದನ್ನೇ: ನಾಬ್ ಎಷ್ಟು ಬೇಕಾದರೂ ತಿರುಗಿಸು, ಹಿಂದಿನ ಹಲಗೆ ಮಾತ್ರ ಬಿಚ್ಚಬೇಡ.

ವಾಲ್ವ್‌ನ ಕೆಲಸ ಸರಳ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ಲೋಹವನ್ನು ಬಿಸಿ ಮಾಡಿದರೆ ಅದರಿಂದ ಎಲೆಕ್ಟ್ರಾನ್‌ಗಳು ಹೊರಗೆ ಹಾರುತ್ತವೆ. ಎದುರಿನ ತಗಡಿಗೆ ಹೆಚ್ಚಿನ ವೋಲ್ಟ್ ಕೊಟ್ಟರೆ ಅತ್ತ ಓಡುತ್ತವೆ. ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಮಾಡಿದ್ದು ಇಷ್ಟು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಒಂದು ತಂತಿಯ ಜಾಲರಿ ಇಟ್ಟ. ಜಾಲರಿಗೆ ಕೊಡುವ ವೋಲ್ಟನ್ನು ಚೂರೇ ಚೂರು ಬದಲಿಸಿದರೂ ಎಲೆಕ್ಟ್ರಾನ್‌ಗಳ ಓಟ ಜೋರಾಗಿ ಏರಿಳಿಯುತ್ತದೆ. ಸಣ್ಣದು ದೊಡ್ಡದಾಗುವುದು ಹೀಗೆ. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವ್ ಮೂಲೆ ಸೇರತೊಡಗಿತು. ಈಗ ಮತಯಂತ್ರ ಮಾಡುವ ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲಕ್ಕೆ ರೇಡಿಯೊ ವಾಲ್ವ್ ಮಾಡುತ್ತಿತ್ತು. ಗಿಟಾರಿನವರು ಮಾತ್ರ ಅದನ್ನು ಬಿಡಲೇ ಇಲ್ಲ.

ಯಾಕೆ ಅಂದರೆ, ವಾಲ್ವ್ ಸದ್ದನ್ನು ಹಾಳು ಮಾಡುವ ರೀತಿ ಚೆಂದ. ನಮ್ಮ ಕಡೆಯ ಹಳೇ ಮನೆಗಳ ಬಾಗಿಲು ಗಿಡ್ಡ ಅಲ್ವಾ? ಗೊತ್ತಿದ್ದವರು ತಲೆ ಬಗ್ಗಿಸಿ ದಾಟುತ್ತಾರೆ, ಹೊಸಬರು ಹೋಗಿ ಹೊಡೆಸಿಕೊಳ್ಳುತ್ತಾರೆ. ಆ್ಯಂಪ್‌ಗೂ ಇಂಥದ್ದೊಂದು ಬಾಗಿಲಿದೆ. ಅದರ ಮಿತಿಗಿಂತ ಎತ್ತರದ ಅಲೆ ಬಂದರೆ ತಲೆ ಕತ್ತರಿಸಿಹೋಗುತ್ತದೆ. ಸಾದಾ ಟ್ರಾನ್ಸಿಸ್ಟರ್ ಆ್ಯಂಪ್‌ನಲ್ಲಿ ಅಲೆಯ ತಲೆ ಠಣ್ ಅಂತ ಬಡಿದು ಚಪ್ಪಟೆಯಾಗುತ್ತದೆ. ವಾಲ್ವ್‌ನಲ್ಲಿ ಅಲೆ ಮೊದಲೇ ಬಗ್ಗತೊಡಗುತ್ತದೆ. ಮೇಲೆ ಬಗ್ಗಿದಷ್ಟೇ ಕೆಳಗೂ ಬಗ್ಗಬೇಕು ಅಂತಿಲ್ಲ, ಒಂದು ಕಡೆ ಜಾಸ್ತಿ ಇರುತ್ತದೆ. ಹೀಗೆ ಆಕಾರ ಕೆಟ್ಟ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಹೊಸ ಕಂಪನಗಳು ಸೇರಿಕೊಳ್ಳುತ್ತವೆ. ಹಾರ್ಮೋನಿಕ್ ಅನ್ನುವುದು ಇವುಗಳಿಗೇ. ಗಿಟಾರಿನವರು ಇಡೀ ವ್ಯವಹಾರಕ್ಕೆ ಡಿಸ್ಟಾರ್ಷನ್ ಅನ್ನುತ್ತಾರೆ.

“ಹಾಳು ಮಾಡಿದ್ರೇ ಚೊಲೋ ಕೇಳ್ತು ಮಾವ,” ಅಂದ ಹುಡುಗ.

ಸರಿ, ನೋಡೇ ಬಿಡೋಣ ಅಂತ ಫೋನು ತೆಗೆದೆ. ಸದ್ದಿನಲ್ಲಿ ಯಾವ ಯಾವ ಕಂಪನ ಎಷ್ಟೆಷ್ಟಿದೆ ಅಂತ ಕಂಬಗಳಾಗಿ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಗೇನ್, ಅಂದರೆ ಆ್ಯಂಪ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ನಾಬ್, ತಗ್ಗಿಸಿ ಅತಿ ದಪ್ಪದ ತಂತಿಯನ್ನು ಮೀಟಿಸಿದೆ. ಅದು ಸೆಕೆಂಡಿಗೆ 82 ಸಲ ಕಂಪಿಸುತ್ತದೆ. 82, 165, 247ರ ಹತ್ತಿರ ಕಂಬಗಳು ಎದ್ದವು, ಮುಂದಕ್ಕೆ ಗಿಡ್ಡವಾಗುತ್ತಾ ಹೋದವು. ಗೇನ್ ಏರಿಸಿದ. ಗಿಡ್ಡ ಕಂಬಗಳೆಲ್ಲ ಮೇಲೆದ್ದು ಅಡಿಕೆ ತೋಟದ ಹಾಗೆ ಸಾಲಾಗಿ ನಿಂತವು.

ಆಮೇಲೆ ಎರಡು ತಂತಿ ಒಟ್ಟಿಗೆ ಮೀಟು ಅಂದೆ. ಈ ಜಾತಿಯ ಸಂಗೀತದ ಅಕ್ಕಿ ಬೇಳೆ ಎರಡೂ ಪವರ್ ಕಾರ್ಡ್. ಅಂದರೆ ನಮ್ಮ ಲೆಕ್ಕದಲ್ಲಿ ಸಾ ಮತ್ತು ಪಾ, ಅಷ್ಟೇ. ಸಾ 82.4, ಪಾ 123.6, ಎರಡಕ್ಕೆ ಮೂರರ ಹದ. ಗೇನ್ ಇಲ್ಲದಿದ್ದಾಗ ಇವೆರಡರ ಪಟ್ಟುಗಳು ಮಾತ್ರ ಕಂಡವು. ಗೇನ್ ಏರಿಸಿದ ಕೂಡಲೇ 206ರಲ್ಲಿ ಒಂದು ಕಂಬ ಎದ್ದು ನಿಂತಿತು. 206 ಈ ಎರಡರಲ್ಲಿ ಯಾವುದರ ಪಟ್ಟೂ ಅಲ್ಲ. ಆ ಸ್ವರವನ್ನು ಯಾರೂ ಮೀಟಿಲ್ಲ. ಕೆಳಗೆ 41ರಲ್ಲೂ ಒಂದು ಮೋಟು ಕಂಬ.

ಲೆಕ್ಕ ಹಾಕಿ ನೋಡಿ. 82.4 ಮತ್ತು 123.6 ಕೂಡಿದರೆ 206. ಕಳೆದರೆ 41.2. ಬಗ್ಗಿಸುವ ಆ್ಯಂಪ್ ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಹಿಗ್ಗಿಸಿ ಸುಮ್ಮನಾಗುವುದಿಲ್ಲ, ಅವನ್ನು ಕೂಡಿಸುತ್ತದೆ, ಕಳೆಯುತ್ತದೆ. 41.2 ಅಂದರೆ ಬಾಸ್ ಗಿಟಾರಿನ ಅತಿ ತಗ್ಗಿನ ತಂತಿಯ ಸ್ವರ, ಸರಿಯಾಗಿ ಒಂದು ಸಪ್ತಕ ಕೆಳಗಿನ ಸಾ! ಗಿಟಾರಿನ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ನುಡಿಸುವ ಶಕ್ತಿ ಕಡಿಮೆ, ಅದಕ್ಕೇ ಕಂಬ ಮೋಟು. ಆದರೂ ಕಿವಿಗೆ ಕೇಳುತ್ತದೆ. 82, 124, 165, 206 ಎಲ್ಲವೂ 41ರ ಪಟ್ಟುಗಳು ತಾನೇ? ಇಷ್ಟು ಮಕ್ಕಳನ್ನು ಒಟ್ಟಿಗೆ ಕಂಡ ಮಿದುಳು, ಅಪ್ಪ ಇಲ್ಲೇ ಎಲ್ಲೋ ಇದ್ದಾನೆ ಅಂತ ತಾನೇ ಕಲ್ಪಿಸಿಕೊಳ್ಳುತ್ತದೆ. ಮೂರು ಜನರ ತಂಡ ಆರು ಜನರದ್ದಾಗಿ ಕೇಳುವ ಗುಟ್ಟಿನಲ್ಲಿ ಅರ್ಧ ಇಲ್ಲಿದೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು 206. ಅದು 41ರ ಐದು ಪಟ್ಟು, ಸಾದ ಐದು ಪಟ್ಟು ಅಂದರೆ ಗಾಂಧಾರ. ಸಾ ಪಾ ಮಾತ್ರ ಮೀಟಿದರೂ ಗಾ ತಾನಾಗಿ ಹುಟ್ಟಿದೆ. ಹಿಂದೂಸ್ತಾನಿ ಕಲಿತವರು ಈ ಮಾತು ಕೇಳಿದರೆ ನಗಬಹುದು. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತೇಲಿ ಬರುತ್ತದೆ, ಅದನ್ನು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ತಂಬೂರಿಯ ಕುದುರೆ, ಅಂದರೆ ತಂತಿಗಳನ್ನು ಹೊರುವ ಪಟ್ಟಿ, ಚಪ್ಪಟೆಯಾಗಿದ್ದು ಚೂರು ಬಾಗಿರುತ್ತದೆ. ತಂತಿ ಅದರ ಮೈಗೆ ಸವರಿಕೊಂಡು ಕಂಪಿಸುತ್ತದೆ, ನಡುವೆ ಒಂದು ಎಳೆ ದಾರ. ಈ ಸವರಾಟಕ್ಕೆ ಜವಾರಿ ಎಂದು ಹೆಸರು. ಇಲ್ಲೂ ಅಲೆಯ ಆಕಾರವನ್ನು ಬೇಕಂತಲೇ ಕೆಡಿಸಲಾಗುತ್ತದೆ, ಇಲ್ಲೂ ಹಾರ್ಮೋನಿಕ್‌ಗಳು ಏಳುತ್ತವೆ. 1921ರಲ್ಲಿ ಸಿ.ವಿ. ರಾಮನ್ ಇದರ ಮೇಲೆ ಬರೆದರು. ತಂತಿಯನ್ನು ಮೀಟುವ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಹಾರ್ಮೋನಿಕ್‌ಗಳು ಏಳಲೇಬಾರದು ಅನ್ನುತ್ತಿತ್ತು ಹಳೇ ನಿಯಮ. ನಮ್ಮ ತಂಬೂರಿ ವೀಣೆಗಳಲ್ಲಿ ಅವೂ ಗಟ್ಟಿಯಾಗಿ ಕೇಳುತ್ತವೆ ಅಂತ ತೋರಿಸಿದರು. ಆಮೇಲೆ ಬೆಳಕಿನ ಕೆಲಸಕ್ಕೆ ನೊಬೆಲ್ ಬಂದು ಈ ಸದ್ದಿನ ಕೆಲಸ ಜನರಿಗೆ ಮರೆತೇಹೋಯಿತು.

ಹಾಗಾದರೆ ಸಾ ಗಾ ಪಾ ಮೂರನ್ನೂ ಮೀಟಿದರೆ ಇನ್ನೂ ಚೆಂದ ಅಲ್ವಾ? ಮೀಟಿಸಿದೆ. ಗಂಜಿಯಲ್ಲಿ ಮರಳು ಬಿದ್ದ ಹಾಗಾಯಿತು. ಗಿಟಾರಿನ ಮೆಟ್ಟಿಲುಗಳು ಕೂರಿಸಿದ ಗಾಂಧಾರ 206 ಅಲ್ಲ, ಸುಮಾರು 207.7. ತಾನಾಗಿ ಹುಟ್ಟಿದ ಗಾ ಒಂದು, ಕೈಯಿಂದ ಹಿಡಿದ ಗಾ ಇನ್ನೊಂದು, ಎರಡೂ ಜಗಳಕ್ಕೆ ನಿಲ್ಲುತ್ತವೆ. ಹಳೇ ಮೆಟಲ್‌ನವರು ಗಾಂಧಾರ ಬಿಟ್ಟು ನುಡಿಸಿದ್ದು ಯಾವ ಲೆಕ್ಕವನ್ನೂ ಹಾಕಿ ಅಲ್ಲ, ಕಿವಿ ಹೇಳಿತು, ಬಿಟ್ಟರು.

ಆ ಸದ್ದಿನ ಇನ್ನೊಂದು ಗುಣ ತಗ್ಗು ಶ್ರುತಿ. ಅದರ ಹಿಂದೆ ಒಂದು ಅಪಘಾತವಿದೆ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ 17 ವರ್ಷದ ಗಿಟಾರಿನ ಹುಡುಗ ಟೋನಿ ಐಯೋಮಿಯ ಬಲಗೈಯ ಎರಡು ಬೆರಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳ್ಳನೆಯ ತಂತಿ ಹಾಕಿಕೊಂಡ. 1970ರಲ್ಲಿ ಅವನ ಬ್ಲ್ಯಾಕ್ ಸಬಾತ್ ತಂಡದ ಮೊದಲ ಹಾಡಿನ ತಟ್ಟೆ ಬಂತು. 1971ರ ಹೊತ್ತಿಗೆ ಶ್ರುತಿಯನ್ನು ಮೂರು ಮನೆ, ಅಂದರೆ ಮೂರು ಅರ್ಧಸ್ವರ, ಕೆಳಗಿಳಿಸಿದ್ದ. ತಂತಿಯ ಬಿಗಿತ ನಾಲ್ಕು ಪಟ್ಟಾದರೆ ಸ್ವರ ಎರಡು ಪಟ್ಟಾಗುತ್ತದೆ. ಅದೇ ಲೆಕ್ಕ ತಿರುಗಿಸಿದರೆ, ಸ್ವರ 82ರಿಂದ 69ಕ್ಕೆ ಇಳಿದಾಗ ಬಿಗಿತ ಸುಮಾರು ಶೇ 30 ಕಡಿಮೆ. ಬೆರಳಿಗೆ ಆರಾಮ, ಕೇಳುವವರ ಎದೆಗೆ ಗುಡುಗು.

ಮೂವರ ತಂಡ ಹೊಸದೇನಲ್ಲ. ಕ್ರೀಮ್ ಮತ್ತು ಜಿಮಿ ಹೆಂಡ್ರಿಕ್ಸ್‌ನ ತಂಡ 1966ರಲ್ಲೇ ಶುರುವಾದವು. ಈಚೆಗೆ ಸಿಡ್ನಿಯ ವುಲ್ಫ್‌ಮದರ್, 2010ರಲ್ಲಿ ಬರ್ಲಿನ್‌ನ ಕದಾವರ್ ಹಳೇ ಸದ್ದನ್ನು ಹುಡುಕಿಕೊಂಡು ಹೊರಟಿದ್ದೂ ಮೂರೇ ಜನ ಇಟ್ಟುಕೊಂಡು. ನಾವು ಅಷ್ಟು ದೂರ ಹೋಗುವುದೂ ಬೇಡ. ಯಕ್ಷಗಾನದ ಹಿಮ್ಮೇಳ ನೋಡಿ: ಭಾಗವತ, ಮದ್ದಳೆ, ಚಂಡೆ. ಗದ್ದೆ ಬಯಲಿನ ಜನರನ್ನು ಬೆಳಗಿನ ತನಕ ಕೂರಿಸಲು ಅಷ್ಟು ಸಾಕಾಗಿತ್ತು. ಹತ್ತಿರ ಹತ್ತಿರದ ಸ್ವರಗಳು ಒಂದನ್ನೊಂದು ಮುಚ್ಚಿಬಿಡುತ್ತವೆ, ಜೋರಿನದ್ದು ಮೆಲ್ಲನೆಯದನ್ನು ನುಂಗುತ್ತದೆ. ಚಂಡೆಯ ಚೂಪು ಪೆಟ್ಟು ಒಂದು ಕಡೆ, ಮದ್ದಳೆಯ ಗುಂಯ್ ಇನ್ನೊಂದು ಕಡೆ, ನಡುವೆ ಭಾಗವತರಿಗೆ ದಾರಿ. ರಾಕ್ ತಂಡದಲ್ಲೂ ಎರಡನೇ ಗಿಟಾರ್ ಇಲ್ಲದ್ದೇ ಉಪಕಾರ. ಇರುವ ಒಂದಕ್ಕೆ ಕೈಕಾಲು ಚಾಚಲು ಜಾಗ ಸಿಗುತ್ತದೆ.

ಇಷ್ಟಕ್ಕೂ ಈ ವಾಲ್ವ್ ಬೇಕೇ ಬೇಕಾ? ಇದೇ ಬಾಗುವಿಕೆಯನ್ನು ಕಂಪ್ಯೂಟರ್ ಈಗ ಲೆಕ್ಕದಲ್ಲೇ ಮಾಡಿ ಕೊಡುತ್ತದೆ. ಹುಡುಗ ಎರಡನ್ನೂ ನುಡಿಸಿ ತೋರಿಸಿದ. ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ. ಅವನಿಗೆ ಬೇಜಾರಾಯಿತು. ಅವನ ನಿಜವಾದ ಶತ್ರು ಕಂಪ್ಯೂಟರ್ ಅಲ್ಲ, ಕಾರವಾರದ ಗಾಳಿ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕಿನ ತಂತಿಯ ಮೇಲೆ ಕೂರುತ್ತದೆ. ತುಕ್ಕು, ಬೆವರು, ಕೊಳೆ ಸೇರಿ ಮೇಲಿನ ಹಾರ್ಮೋನಿಕ್‌ಗಳು ಬೇಗ ಸಾಯುತ್ತವೆ. “ಹದಿನೈದು ದಿನಕ್ಕೊಂದು ಸೆಟ್ ತಂತಿ ಸಾಕಾಗ್ತಿಲ್ಲೆ ಮಾವ,” ಅಂದ.

ದಸರೆಗೆ ಶಿರಸಿಗೆ ಬಂದಾಗ ಅದೇ ಆ್ಯಪ್ ತೆರೆದು ಅವನ ಅತ್ತೆಯ ತಂಬೂರಿ ಮುಂದೆ ಕೂರಿಸಿದೆ. ಅವಳ ಶ್ರುತಿ ಕರಿ ನಾಲ್ಕು, ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ. ಖರಜದ, ಅಂದರೆ ತಗ್ಗಿನ ಸಾದ ತಂತಿಯೊಂದನ್ನೇ ಮೀಟಿದಳು. 104, 208, 311, 415, ಅದರ ಪಕ್ಕ 519ರಲ್ಲಿ ನೀಟಾಗಿ ಎದ್ದ ಗಾಂಧಾರದ ಕಂಬ. ಹುಡುಗ ಫೋನ್ ನೋಡಿದ, ಕುದುರೆ ನೋಡಿದ, ತಂತಿಯ ಕೆಳಗಿನ ದಾರ ನೋಡಿದ.

“ಇದೇ ಗೇನ್ ನಾಬಾ ಅತ್ತೆ?” ಅಂತ ಬೆರಳು ಮುಂದೆ ಮಾಡಿದ.

“ದಾರ ಮುಟ್ಟಡ,” ಅಂದಳು ಅವಳು. “ಕೂರ್ಸಲೆ ಅರ್ಧ ತಾಸು ಬೇಕಾಯ್ದು.”