ಮಾಡ್ಯೂಲ್ ಶ್ಯಾಡೋಯಿಂಗ್: ನಿಮ್ಮ ಫೈಲ್ ಪೈಥಾನ್‌ನ ಮಾಡ್ಯೂಲಿಗೆ ಅಡ್ಡ ಬಂದಾಗ

ನೀವು ಬರೆದ ಫೈಲಿಗೂ ಪೈಥಾನ್ ಜೊತೆಗೇ ಬರುವ ಮಾಡ್ಯೂಲಿಗೂ (ಸಿದ್ಧ ಕೋಡ್ ಇರುವ ಫೈಲಿಗೂ) ಒಂದೇ ಹೆಸರಿದ್ದು, ಅದನ್ನು ಇಂಪೋರ್ಟ್ ಮಾಡಿದಾಗ, ಅಂದರೆ ಬಳಸಲು ಕರೆತಂದಾಗ, ಮೂಲ ಮಾಡ್ಯೂಲಿನ ಬದಲು ನಿಮ್ಮ ಫೈಲೇ ಲೋಡ್ ಆಗುವುದಕ್ಕೆ ಮಾಡ್ಯೂಲ್ ಶ್ಯಾಡೋಯಿಂಗ್ ಎನ್ನುತ್ತಾರೆ.

ಇಮೇಲ್ ವಿಳಾಸ ಸರಿಯಿದೆಯೇ ಎಂದು ನೋಡುವ ಎರಡು ಫಂಕ್ಷನ್ ಬರೆದು, ಆ ಫೈಲಿಗೆ ಇಮೇಲ್.ಪೈ ಎಂದು ಹೆಸರಿಟ್ಟಿರಿ ಅಂದುಕೊಳ್ಳಿ. ಅದೇ ಫೋಲ್ಡರಿನಲ್ಲಿ ವೆಬ್ ಪುಟ ಡೌನ್‌ಲೋಡ್ ಮಾಡುವ ಇನ್ನೊಂದು ಸ್ಕ್ರಿಪ್ಟ್ ಇದೆ. ಇಷ್ಟು ದಿನ ಚೆನ್ನಾಗಿಯೇ ಓಡುತ್ತಿದ್ದ ಅದು ಈಗ ‘ಇಮೇಲ್.ಪಾರ್ಸರ್ ಎಂಬ ಮಾಡ್ಯೂಲ್ ಇಲ್ಲ, ಇಮೇಲ್ ಒಂದು ಪ್ಯಾಕೇಜ್ ಅಲ್ಲ’ ಎಂಬ ಎರರ್ ಕೊಟ್ಟು ನಿಲ್ಲುತ್ತದೆ. ಆ ಸ್ಕ್ರಿಪ್ಟಿನಲ್ಲಿ ಇಮೇಲ್ ಎಂಬ ಹೆಸರೇ ಇಲ್ಲ! ಅದು ಬಳಸುವ, ವೆಬ್ ಪುಟ ತರುವ ಮಾಡ್ಯೂಲಾದ ಯುಆರ್‌ಎಲ್‌ಲಿಬ್.ರಿಕ್ವೆಸ್ಟ್‌ಗೆ ಒಳಗೊಳಗೇ ಪೈಥಾನ್‌ನ ಇಮೇಲ್ ಪ್ಯಾಕೇಜ್ (ಮಾಡ್ಯೂಲುಗಳನ್ನು ಒಟ್ಟಿಗಿಟ್ಟ ಫೋಲ್ಡರ್) ಬೇಕು, ಸಿಕ್ಕಿದ್ದು ಮಾತ್ರ ನಿಮ್ಮ ಫೈಲ್. ಹೊಸಬರು ದಾರಿ ತಪ್ಪುವುದೇ ಇಲ್ಲಿ: ತೊಂದರೆ ಇರುವ ಫೈಲ್ ಒಂದು, ಮುರಿದುಬೀಳುವುದು ಇನ್ನೊಂದು.

ಯಾವುದು ನಿಮ್ಮದು, ಯಾವುದು ಲೈಬ್ರರಿಯದು ಎಂಬ ಭೇದ ಪೈಥಾನ್‌ಗಿಲ್ಲ. ಅದಕ್ಕೆ ಗೊತ್ತಿರುವುದು ಹುಡುಕುವ ಕ್ರಮ ಮಾತ್ರ. ಆಗಲೇ ಲೋಡ್ ಆದ ಮಾಡ್ಯೂಲುಗಳ ಪಟ್ಟಿಯಾದ ಸಿಸ್.ಮಾಡ್ಯೂಲ್ಸ್ ಅನ್ನು ಮೊದಲು ನೋಡುತ್ತದೆ. ಅಲ್ಲಿಲ್ಲದಿದ್ದರೆ ಕೋಡ್ ಓಡಿಸುವ ಇಂಟರ್‌ಪ್ರಿಟರ್ ಒಳಗೇ ಸೇರಿಕೊಂಡಿರುವ ಮಾಡ್ಯೂಲುಗಳು, ಆಮೇಲೆ ಹುಡುಕುವ ಜಾಗಗಳ ಪಟ್ಟಿಯಾದ ಸಿಸ್.ಪಾತ್‌ನಲ್ಲಿರುವ ಫೋಲ್ಡರುಗಳು, ಒಂದಾದ ಮೇಲೊಂದು. ಈ ಸಾಲಿನ ಮೊದಲ ಜಾಗ ನೀವು ಓಡಿಸಿದ ಸ್ಕ್ರಿಪ್ಟ್ ಇರುವ ಫೋಲ್ಡರಿಗೆ. ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ ಅದರ ನಂತರ, ಪ್ಯಾಕೇಜ್ ಹಾಕುವ ಸಾಧನವಾದ ಪಿಪ್‌ನಿಂದ ಹಾಕಿಕೊಂಡ ಪ್ಯಾಕೇಜುಗಳು ಇನ್ನೂ ಹಿಂದೆ. ಹಾಗಾಗಿ ಅಂಥದೊಂದು ಪ್ಯಾಕೇಜಾದ ನಂಪೈಯ ಹೆಸರಿನ ನಂಪೈ.ಪೈ ಎಂಬ ಫೈಲೂ ಇಷ್ಟೇ ಅಪಾಯ. ಸಿಸ್.ಪೈ ಎಂದು ಹೆಸರಿಟ್ಟರೆ ಮಾತ್ರ ಏನೂ ಆಗುವುದಿಲ್ಲ, ಸಿಸ್ ಇಂಟರ್‌ಪ್ರಿಟರಿನೊಳಗೇ ಇರುತ್ತದೆ.

ಅನುಮಾನ ಬಂದರೆ ಆ ಮಾಡ್ಯೂಲಿನ ‘ಫೈಲ್’ ಆಟ್ರಿಬ್ಯೂಟನ್ನು, ಅಂದರೆ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವುದನ್ನು, ಪ್ರಿಂಟ್ ಮಾಡಿ. ನಿಮ್ಮ ಫೋಲ್ಡರಿನ ವಿಳಾಸ ಬಂದರೆ ಕಾರಣ ಸಿಕ್ಕಿತು. ರ್ಯಾಂಡಮ್.ಪೈ ಒಳಗೇ ರ್ಯಾಂಡಮ್ ಇಂಪೋರ್ಟ್ ಮಾಡಿದವರಿಗೆ ‘ಬಹುಶಃ ಸರ್ಕ್ಯುಲರ್ ಇಂಪೋರ್ಟ್’ (ಫೈಲುಗಳು ಒಂದನ್ನೊಂದು ಇಂಪೋರ್ಟ್ ಮಾಡುವುದು) ಎಂಬ ಸಂದೇಶ ಬರುತ್ತಿತ್ತು, ಅದನ್ನು ನಂಬಿ ಹುಡುಕಿದರೆ ಏನೂ ಸಿಗದು. 3.13ನೇ ಆವೃತ್ತಿಯಿಂದ ಫೈಲಿನ ಹೆಸರು ಬದಲಿಸಿ ಎಂದು ಪೈಥಾನೇ ಹೇಳುತ್ತದೆ, ತುಂಬಾ ಒಳ್ಳೆಯ ಬದಲಾವಣೆ.

ಹೆಸರು ಬದಲಿಸಿದರೆ ತಕ್ಷಣದ ತೊಂದರೆ ನೀಗುತ್ತದೆ. 3.10ರಿಂದ ಸಿಸ್‌ನಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರುಗಳ ಪಟ್ಟಿಯೇ ಇದೆ, ಆದರೆ ಪ್ರತಿ ಫೈಲಿಗೂ ಅದನ್ನು ನೋಡುತ್ತ ಕೂರುವುದು ಆಗದ ಮಾತು. 3.11ರಲ್ಲಿ ಬಂದ ಮೈನಸ್ ಪಿ (-P) ಆಯ್ಕೆ, ಪೈಥಾನ್ ಓಡಿಸುವಾಗ ಕೊಟ್ಟರೆ, ಸ್ಕ್ರಿಪ್ಟಿನ ಫೋಲ್ಡರನ್ನು ಹುಡುಕಾಟದಿಂದಲೇ ಬಿಡುತ್ತದೆ. ಆಗ ಪಕ್ಕದಲ್ಲಿರುವ ನಿಮ್ಮ ಸ್ವಂತ ಫೈಲುಗಳೂ ಸಿಗುವುದಿಲ್ಲ.

ನಾನು ಹೇಳುವುದು, ಎರಡನೇ ಫೈಲ್ ಶುರುವಾದ ದಿನವೇ ಒಂದು ಪ್ಯಾಕೇಜ್ ಮಾಡಿ. ಬೇರೆ ಯಾರೂ ಇಟ್ಟಿರದ ಹೆಸರಿನ ಫೋಲ್ಡರ್, ಅದರೊಳಗೆ ನಿಮ್ಮ ಎಲ್ಲ ಫೈಲುಗಳು. ಫೋಲ್ಡರಿಗೆ ಅಂಚೆಪೆಟ್ಟಿಗೆ ಎಂದು ಹೆಸರಿಟ್ಟರೆ ನಿಮ್ಮ ಫೈಲ್ ಅಂಚೆಪೆಟ್ಟಿಗೆ.ಇಮೇಲ್ ಆಗುತ್ತದೆ, ಪೈಥಾನ್‌ನದು ಬರೀ ಇಮೇಲ್ ಆಗಿಯೇ ಉಳಿಯುತ್ತದೆ. ಪೈಥಾನ್ 3ರಲ್ಲಿ ಪ್ಯಾಕೇಜಿನ ಒಳಗಿನಿಂದ ಇಮೇಲ್ ಇಂಪೋರ್ಟ್ ಮಾಡಿದರೂ ಮೂಲದ್ದೇ ಬರುತ್ತದೆ. ಒಂದು ಎಚ್ಚರ ಬೇಕು: ಪ್ಯಾಕೇಜಿನ ಒಳಗಿನ ಫೈಲನ್ನು ನೇರವಾಗಿ ಓಡಿಸಿದರೆ ಆ ಒಳ ಫೋಲ್ಡರೇ ಸಿಸ್.ಪಾತ್‌ನ ತಲೆಗೆ ಬಂದು ಹಳೆಯ ಜಗಳ ಮತ್ತೆ ಶುರುವಾಗುತ್ತದೆ. ಹೊರಗಿನ ಫೋಲ್ಡರಿನಲ್ಲಿ ನಿಂತು, ಮೈನಸ್ ಎಂ (-m) ಕೊಟ್ಟು, ಪ್ಯಾಕೇಜಿನ ಹೆಸರೂ ಸೇರಿದ ಫೈಲಿನ ಪೂರ್ತಿ ಹೆಸರು ಹೇಳಿ ಓಡಿಸಿ.