ಮಳೆಗಾಲದಲ್ಲಿ ಬಿಗಿ ಹಿಡಿದ ಕಿಟಕಿಗೆ ರಂದಾ ಹೊಡೆಸಬೇಕೇ?

ಪ್ರಶ್ನೆ: ಬೆಳಗಾವಿ ಶಹಾಪುರದಾಗ ನಮ್ಮದು ಹಳೇ ಮನಿ ಐತ್ರಿ. ಕಿಟಕಿ ಎಲ್ಲಾ ಸಾಗವಾನಿದು. ಹೋದ ವರ್ಷ ಬಣ್ಣ ಹಚ್ಚಿಸಿದ್ವಿ. ಈಗ ಮಳಿ ಹಿಡದ ಮ್ಯಾಲ ಎರಡು ಕಿಟಕಿ ತೆರಿಯಾಕ ಬರವಲ್ಲವು. ಬಡಿಗ್ಯಾರನ್ನ ಕರಸಿ ರಂದಾ ಹೊಡಸೂದೇನ್ರಿ?

ಉತ್ತರ: ಈಗ ಬೇಡ್ರಿ. ಜುಲೈನಲ್ಲಿ ಉಬ್ಬಿದ ಕದಕ್ಕೆ ರಂದಾ ಹೊಡೆಸಿ ಅಂಚು ಹೆರೆದರೆ, ಮಾರ್ಚ್ ಹೊತ್ತಿಗೆ ಅದೇ ಕದ ಒಣಗಿ ಕುಗ್ಗಿ ಗಾಳಿಗೆ ಲಟಲಟ ಬಡಿಯುತ್ತದೆ. ಕೆತ್ತಿದ ಸಾಗವಾನಿ ಮತ್ತೆ ಬೆಳೆಯುವುದಿಲ್ಲ. ಕದವನ್ನು ಹಿಡಿದಿರುವುದು ಏನೆಂದು ಮೊದಲು ನೋಡಿ.

ಕದಕ್ಕೂ ಚೌಕಟ್ಟಿಗೂ ನಡುವಿನ ಗೆರೆಯೇ ಕಾಣದಂತೆ ಬಣ್ಣ ಕೂತಿದ್ದರೆ ಹಿಡಿದಿರುವುದು ಎನಾಮಲ್. ಕಟರ್ ಬ್ಲೇಡನ್ನು ಆ ಗೆರೆಗುಂಟ ಹಗುರವಾಗಿ ಮೂರ್ನಾಲ್ಕು ಸಲ ಎಳೆಯಿರಿ. ಒಂದೇ ಸಲ ಒತ್ತಿ ಎಳೆದರೆ ಬ್ಲೇಡ್ ಜಾರಿ ಕಟ್ಟಿಗೆ ಸೀಳುತ್ತದೆ. ಒಳಗೆ, ಹೊರಗೆ ಎರಡೂ ಕಡೆ ಬಿಡಿಸಬೇಕು. ಎರಡು ಕದಗಳಲ್ಲಿ ಒಂದರ ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ. ಮೇಲೆ ಕೂತ ಕದವನ್ನೇ ಮೊದಲು ಬಿಡಿಸಿ. ಆಮೇಲೆ ಸರಳುಗಳ ನಡುವಿನಿಂದ ಬಟ್ಟೆ ಸುತ್ತಿದ ಕಟ್ಟಿಗೆ ತುಂಡನ್ನು ಚಿಲಕದ ಹತ್ತಿರದ ಮೂಲೆಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಾಜಿನ ಮೇಲೆ ಕೈ ಊರಿ ನೂಕಲೇಬೇಡಿ. ಬಿಜಾಗರಿ ತುಕ್ಕು ಹಿಡಿದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ.

ಬಿಡಿಸಿದ ಅಂಚಿನಲ್ಲಿ ಉಳಿದ ಹಳೇ ಬಣ್ಣವನ್ನು ಒಣಗಿದ್ದಾಗ ಉಪ್ಪುಕಾಗದದಿಂದ ತಿಕ್ಕಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇರಬಹುದು. ನೀರು ಚಿಮುಕಿಸಿ ತಿಕ್ಕಿ, ಮಾಸ್ಕ್ ಹಾಕಿಕೊಳ್ಳಿ, ಚಿಕ್ಕ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಬಣ್ಣ ಬಿಡಿಸಿದ ಮೇಲೂ ಬಿಗಿ ಇದ್ದರೆ ಎಲ್ಲಿ ತಿಕ್ಕುತ್ತದೆ ನೋಡಿ. ಕಟ್ಟಿಗೆ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎರಡು ಕದ ಕೂಡುವ ನಡುಭಾಗದಲ್ಲಿ ತಿಕ್ಕಿದರೆ ಮಳೆಯ ಉಬ್ಬು. ಬಿಜಾಗರಿಯ ಎದುರಿನ ಕೆಳಮೂಲೆ ಮಾತ್ರ ತಿಕ್ಕಿದರೆ ಕದ ಜೋತುಬಿದ್ದಿದೆ, ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲಾಗಿದೆ. ಸ್ಕ್ರೂ ತೆಗೆದು, ತೂತಿಗೆ ಫೆವಿಕಾಲ್ ಹಚ್ಚಿದ ಬಿದಿರಿನ ಚೂಪು ಬಡಿದು, ಒಂದು ದಿನ ಬಿಟ್ಟು ಮತ್ತೆ ಬಿಗಿ ಮಾಡಿ. ಇದಕ್ಕೆ ರಂದಾ ಬೇಕೇ ಇಲ್ಲ. ಚೌಕಟ್ಟಿನ ಮೇಲಿನ ಗೋಡೆಯಲ್ಲಿ ಓರೆ ಬಿರುಕು ಕಂಡರೆ ಮಾತ್ರ ಎಂಜಿನಿಯರ್‌ಗೆ ತೋರಿಸಿ.

ಉಬ್ಬಿಗೆ ಸದ್ಯಕ್ಕೆ ತಿಕ್ಕುವ ಅಂಚಿಗೆ ಮೇಣಬತ್ತಿ ಉಜ್ಜಿದರೆ ಸಾಕು. ಎಣ್ಣೆ ಹಚ್ಚಬೇಡಿ, ಧೂಳು ಹಿಡಿಯುತ್ತದೆ, ಮುಂದೆ ಬಣ್ಣ ನಿಲ್ಲುವುದಿಲ್ಲ.

ಇನ್ನು ಕದದ ಕೆಳಅಂಚಿಗೆ ಬೆರಳು ಆಡಿಸಿ. ಒರಟಾಗಿ ಹತ್ತಿದರೆ ಅಲ್ಲಿಗೆ ಬಣ್ಣವೇ ಮುಟ್ಟಿಲ್ಲ. ಬಣ್ಣ ಹಚ್ಚುವವರು ಕದ ಇಳಿಸದಿದ್ದರೆ ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ಆ ಬರಿಯ ಅಂಚಿನಿಂದಲೇ ಕಟ್ಟಿಗೆ ನೀರು ಹೀರುತ್ತದೆ. ಜನವರಿ-ಫೆಬ್ರವರಿಯಲ್ಲಿ ಕದ ಇಳಿಸಿ ನಾಲ್ಕೂ ಅಂಚು ನೋಡಿ. ಆಗಲೂ ತಿಕ್ಕುತ್ತಿದ್ದರೆ ಆ ಜಾಗದಲ್ಲಷ್ಟೇ ರಂದಾ ಹೊಡೆಸಿ, ಸುತ್ತ ಎರಡು ಮಿಲಿಮೀಟರ್ ಸಂದು ಇರಲಿ. ಅದೇ ದಿನ ನಾಲ್ಕೂ ಅಂಚಿಗೆ ವುಡ್ ಪ್ರೈಮರ್, ಒಣಗಿದ ಮೇಲೆ ಎನಾಮಲ್ ಎರಡು ಕೋಟ್. ಕೂಡಿಸಿದ ಮೇಲೆ ಎರಡು ದಿನವಾದರೂ ಕದ ತೆರೆದೇ ಇರಲಿ. ಹಸಿ ಬಣ್ಣದ ಮೇಲೆ ಮುಚ್ಚಿದರೆ ಮತ್ತೆ ಬ್ಲೇಡ್ ಹಿಡಿಯಬೇಕಾಗುತ್ತದೆ.