ಕಾರ್ಡು ಇದ್ದರೆ ಸಾಲದು, ಕಳಿಸಿದವರು ಯಾರು?

ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಿಂದ ಖಾಸಗಿ ಆಸ್ಪತ್ರೆಗೆ ಬಂದವರ ಕೋವಿಡ್ ಬಿಲ್ ಜಗಳ ಹೆಚ್ಚುಕಡಿಮೆ ಒಂದೇ ಆಗಿತ್ತು. ‘ಆರ್‌ಸಿ (ಟಿಬೆಟನ್ನರ ನೋಂದಣಿ ಪತ್ರ) ಇದೆ, ಆಧಾರ್ ಇದೆ, ಮತ್ತೆ ದುಡ್ಡು ಯಾಕೆ?’ ಎಷ್ಟು ಸಲ ಹೇಳಿದರೂ ಜನಕ್ಕೆ ನಾಟದ ಮಾತು ಇದು: ಅಂದು ಚಿಕಿತ್ಸೆ ಉಚಿತವಾಗುತ್ತಿದ್ದುದು ಕಾರ್ಡಿನಿಂದಲ್ಲ, ರೆಫರಲ್‌ನಿಂದ.

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಒಂದೇ ಹಾಸಿಗೆಗೆ ಎರಡು ದರ ಗೊತ್ತುಮಾಡಿತು. ಸರ್ಕಾರವೇ ಕಳಿಸಿದ ರೋಗಿಗೆ ಜನರಲ್ ವಾರ್ಡು ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯು 10,000. ಅದನ್ನು ಆಸ್ಪತ್ರೆಗೆ ಕಟ್ಟುತ್ತಿದ್ದುದು ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ತಾವಾಗಿ ಬಂದು ಸೇರಿದವರಿಗೆ ಅದೇ ವಾರ್ಡು 10,000, ಅದೇ ವೆಂಟಿಲೇಟರ್ 25,000ದವರೆಗೆ, ಸ್ವಂತ ಜೇಬಿನಿಂದ. ವೆಂಟಿಲೇಟರ್‌ನಲ್ಲಿ ಹತ್ತು ದಿನಕ್ಕೆ ಎರಡೂವರೆ ಲಕ್ಷದವರೆಗೆ. ಚಳಿಗಾಲದ ಸ್ವೆಟರ್ ವ್ಯಾಪಾರವನ್ನೇ ನಂಬಿದ ಮನೆಗೆ, ಆ ವ್ಯಾಪಾರವೂ ನಿಂತ ವರ್ಷದಲ್ಲಿ, ಇದು ಬೆನ್ನು ಮುರಿಯುವ ಮೊತ್ತ. ಸೇರಿ ಐದು ದಿನವಾದ ಮೇಲೆ ‘ಸರ್ಕಾರಿ ಕೋಟಾಕ್ಕೆ ಹಾಕಿ’ ಎಂದರೆ ಕಳೆದ ಐದು ದಿನದ ಬಿಲ್ ಸಾಮಾನ್ಯವಾಗಿ ಹಿಂದಕ್ಕೆ ಬರುತ್ತಿರಲಿಲ್ಲ.

ಹಾಗೆಂದು ರೆಫರಲ್‌ಗಾಗಿ ಉಸಿರು ಕಟ್ಟಿಕೊಂಡು ಮನೆಯಲ್ಲಿ ಕೂರಬೇಕಿರಲಿಲ್ಲ. ರಕ್ತದ ಆಕ್ಸಿಜನ್ ತೋರಿಸುವ ಬೆರಳಿನ ಮೀಟರು 94ಕ್ಕೆ ಇಳಿದರೆ, ಆಗ ಹಾಸಿಗೆ ಹಂಚುತ್ತಿದ್ದ ಸರ್ಕಾರದ ವಾರ್ ರೂಮಿಗೆ ಫೋನು ಮಾಡಬೇಕಿತ್ತು. 90ಕ್ಕಿಂತ ಕೆಳಗಿದ್ದರೆ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿ, ಬೇರೆ ಯೋಚನೆ ಬೇಡ. (ಕೈ ತಣ್ಣಗಿದ್ದರೆ ಮೀಟರು ಸುಳ್ಳು ಹೇಳುತ್ತದೆ, ಉಜ್ಜಿ ಬೆಚ್ಚಗೆ ಮಾಡಿ, ಒಂದು ನಿಮಿಷ ಬಿಟ್ಟು ನೋಡಿ.) ತುರ್ತಿನಲ್ಲಿ ಮುಂಗಡ ಕೊಟ್ಟರಷ್ಟೇ ಚಿಕಿತ್ಸೆ ಎನ್ನಲು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಿಡುವುದಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಜೀವ ಮೊದಲು ಎಂದಿದೆ. ಅಲ್ಲೆಲ್ಲೂ ಪೌರತ್ವದ ಪ್ರಶ್ನೆಯಿಲ್ಲ. ರೋಗಿಗೆ ಆಕ್ಸಿಜನ್ ಹಾಕುತ್ತಿರುವಾಗಲೇ ಮನೆಯವರಲ್ಲಿ ಒಬ್ಬರು ಹೊರಗೆ ನಿಂತು ಎಸ್‌ಆರ್‌ಎಫ್ (ಸ್ವಾಬ್ ಪರೀಕ್ಷೆಯ ಫಾರ್ಮು) ನಂಬರ್ ಹಿಡಿದು ವಾರ್ ರೂಮಿಗೆ ಕರೆ ಮಾಡಬೇಕಿತ್ತು. ತಪ್ಪಿದ್ದೇ ಈ ಒಂದು ಕರೆ.

ಇನ್ನೊಂದು ತೊಡಕು ಹೆಸರಿನದಾಗಿತ್ತು. ಟಿಬೆಟನ್ನರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ, ತೆಂಜಿನ್ ಎಂಬವರು ಬೀದಿಗೆ ಹತ್ತು ಜನ. ಸ್ವಾಬ್ ಫಾರ್ಮಿನಲ್ಲಿ ಬರೀ ‘ತೆಂಜಿನ್’, ಆರ್‌ಸಿಯಲ್ಲಿ ‘ತೆಂಜಿನ್ ಡೋಲ್ಮಾ’, ಆಧಾರಿನಲ್ಲಿ ಡೋಲ್ಮಾ ಮೊದಲು. ಟ್ರಸ್ಟ್‌ಗೆ ಹೋದ ಕ್ಲೇಮು ಸಿಕ್ಕಿಬೀಳುತ್ತಿದ್ದುದು ಇಲ್ಲೇ. ಸ್ವಾಬ್ ಕೊಡುವಾಗಲೇ ಆರ್‌ಸಿ ತೋರಿಸಿ ಅಕ್ಷರಕ್ಕೆ ಅಕ್ಷರ ಬರೆಸಬೇಕಿತ್ತು, ಮೊಬೈಲ್ ನಂಬರ್ ಮನೆಯವರದ್ದೇ ಕೊಡಬೇಕಿತ್ತು. ಕ್ಯಾಂಪ್ ಆಫೀಸಿನದ್ದಲ್ಲ.